ಎರಡೂ ಕಡೆ ಅವಳೇ

ಅಫಜಲಪುರದ ಬಸ್ ನಿಲ್ದಾಣದಲ್ಲಿ ಜೇವರ್ಗಿ ಬಸ್ಸಿಗೆ ಕಾಯುತ್ತಿದ್ದ ಗೌರಾಬಾಯಿಗೆ, ಪಕ್ಕದಲ್ಲಿ ಕುಳಿತ ಅತ್ತಿಗೆ-ನಾದಿನಿಯರ ಮಾತು ಬೇಡವೆಂದರೂ ಕಿವಿಗೆ ಬಿತ್ತು.

“ಆಳಂದದ ದರ್ಗಾಕ ಯಾಕ ವೈನಿ? ನನಗೇನಾಗ್ಯದ?”

“ಕೋಣ್ಯಾಗ ಒಬ್ಬಾಕಿನೇ ಕುಂತು ಎರಡು ದನೀಲೆ ಮಾತಾಡ್ತಿ, ಮಹಾನಂದಾ. ಒಂದು ತಾಯಿತ ಕಟ್ಟಿಸಿ ಬರೂಣು.”

“ಟಪಾಲಿನಾಗ ಬರೂ ಮನಶ್ಶಾಸ್ತ್ರದ ಎಂ.ಎ. ಪಾಠ ಅದು. ನೊಂದವರನ್ನ ಹ್ಯಾಂಗ ಮಾತಾಡಿಸಬೇಕಂತ, ಎದುರಿಗೆ ಒಬ್ಬರನ್ನ ಕೂಡಿಸ್ಕೊಂಡು ರೂಢಿ ಮಾಡ್ರಿ ಅಂತಾರ. ನನ್ನೆದುರಿಗೆ ಯಾರು ಕೂಡ್ತಾರ?”

“ಅದಕ್ಕ?”

“ಡಾಕ್ಟರೂ ನಾನೇ, ಪೇಷಂಟೂ ನಾನೇ.”

ಅತ್ತಿಗೆ ಅವಳ ಕಡೆ ತಿರುಗಿ ಕುಳಿತಳು.

“ಕೇಳೂ ಪ್ರಶ್ನಾ ಪಾಠದಾಗ ಅದಾವ, ಖರೆ. ನಿನ್ನೆ ಆ ಪೇಷಂಟು ಅಷ್ಟೊತ್ತು ಅತ್ತಳಲ್ಲ, ಅದೂ ಪಾಠದಾಗ ಅದ ಏನು?”

ಅಷ್ಟರಲ್ಲಿ ಆಳಂದದ ಬಸ್ಸು ಬಂತು. ಗರ್ದಿಯಲ್ಲಿ ಇಬ್ಬರಿಗೂ ಬೇರೆ ಬೇರೆ ಸೀಟು ಸಿಕ್ಕವು. ಕಿಟಕಿಯಲ್ಲಿ ಮಹಾನಂದಾಳ ತುಟಿಗಳು ಅಲುಗುತ್ತಿದ್ದುದನ್ನು ಗೌರಾಬಾಯಿ ಬಸ್ಸು ಮರೆಯಾಗುವವರೆಗೂ ನೋಡಿದಳು.