ಸೊನ್ನೆ ಬರಬೇಕಿದ್ದ ರಾತ್ರಿ

ಬಾವಿಯ ಹತ್ತಿರ ಬಂದಾಗ ಚಪ್ಪಲಿಯ ಸದ್ದು ಎರಡಾಯಿತು… ಒಂದು ಅವಳದು. ಟಪ್, ಟಪ್. ಇನ್ನೊಂದು ಹಿಂದಿನಿಂದ. ಟಪ್, ಸರ್ರ್… ಟಪ್, ಸರ್ರ್. ಉಂಗುಷ್ಟ ಕಿತ್ತ ಚಪ್ಪಲಿ ಎಳೆದುಕೊಂಡು ಬಂದ ಹಾಗೆ.

ನಮ್ಮ ಪಕ್ಕದ ಮನೆಯ ಹುಡುಗಿಗೆ ಆದದ್ದು. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಅವಳೂ ಅವಳ ತಮ್ಮನೂ ಒಂದೇ ಪ್ರಯೋಗಾಲಯದಲ್ಲಿದ್ದರು. ಕಣಕ್ಕೆ ಕಣ ಡಿಕ್ಕಿ ಹೊಡೆಸುವ ಕೆಲಸ. ನಿಜವಾಗಿ ಅಲ್ಲ, ಕಂಪ್ಯೂಟರಿನ ಲೆಕ್ಕದಲ್ಲಿ. ಡಿಕ್ಕಿಯಾದರೆ ನೂರಾರು ಚೂರು ಸಿಡಿಯುತ್ತವೆ. ಅವುಗಳಲ್ಲಿ ಎರಡು ಅಕ್ಕಪಕ್ಕ ಹುಟ್ಟಿ, ಒಂದೇ ವೇಗದಲ್ಲಿ ಹೊರಟರೆ, ಅಂಟಿಕೊಂಡು ಒಂದು ಅಪರೂಪದ ಕಣವಾಗುತ್ತದೆ. ಸಾಮಾನ್ಯ ಕಣದೊಳಗೆ ಕ್ವಾರ್ಕು ಎಂಬ ಇನ್ನೂ ಸಣ್ಣ ಚೂರು ಎರಡೋ ಮೂರೋ ಇರುತ್ತವೆ, ಇದರಲ್ಲಿ ನಾಲ್ಕು. ಒಂದು ಚೂರು ಸ್ವಲ್ಪ ಮುಂದೆ ಹೋಯಿತೋ, ಮುಗಿಯಿತು… ಮತ್ತೆ ಸೇರುವುದಿಲ್ಲ.

ಬಾವಿಯ ಹತ್ತಿರ ಆ ಸದ್ದು ಕೇಳಿದ್ದಕ್ಕೂ ಒಂದು ವರ್ಷ ಹಿಂದೆ, ಒಂದು ರಾತ್ರಿ ಒಂಬತ್ತೂವರೆಗೆ ತಮ್ಮ ಎದ್ದ.

“ಬಾ ಅಕ್ಕಾ, ಹೋಗೋಣ. ಕೋಳಿ ಮೊಟ್ಟೆ ಇಡೋದನ್ನ ಕಾಯೋ ಹಾಗೆ ಕೂರ್ಬೇಡ.”

“ನೀನು ಮುಂದೆ ಹೋಗ್ತಿರೋ. ಹತ್ತು ನಿಮಿಷ, ಬಂದೆ.”

“ನಿನ್ನ ಹತ್ತು ನಿಮಿಷ ನಂಗೊತ್ತಿಲ್ವಾ. ದಾರೀಲಿ ಬಾವಿಕಟ್ಟೆ ಮೇಲೆ ಕೂತಿರ್ತೀನಿ.”

ಲೆಕ್ಕ ಮುಗಿದದ್ದು ಹನ್ನೊಂದಕ್ಕೆ. ಸಿಕ್ಕಿದ ಕಣ, ಸೊನ್ನೆ. ಕಟ್ಟೆಯ ಮೇಲೆ ಅವನು ಕೂತೇ ಇದ್ದ… ಕಂಬಕ್ಕೆ ಒರಗಿ. ಒಂದು ಚಪ್ಪಲಿಯ ಉಂಗುಷ್ಟ ಕಿತ್ತಿತ್ತು. ಎದೆಬಡಿತ ನಿಂತು ಗಂಟೆಯಾಗಿದೆ ಎಂದರು ಡಾಕ್ಟರು. “ಜೊತೇಲಿ ಯಾರಾದರೂ ಇದ್ದಿದ್ದರೆ…” ಎಂದು ಶುರುಮಾಡಿ, ಅವಳ ಮುಖ ನೋಡಿ ಸ್ಟೆತಸ್ಕೋಪು ಮಡಿಸಿಟ್ಟರು.

ಅಂದಿನಿಂದ ದಿನಾ ಸಂಜೆ ಅವಳು ಅದೇ ಲೆಕ್ಕ ಓಡಿಸುತ್ತಿದ್ದಳು. ಆರಂಭಕ್ಕೆ ತಮ್ಮ ಹೋದ ರಾತ್ರಿ ಕೊಟ್ಟ ಸಂಖ್ಯೆಯನ್ನೇ ಕೊಟ್ಟರೆ, ಕೊನೆಯ ಅಂಕಿಯವರೆಗೂ ಅದೇ ಉತ್ತರ ಬರಬೇಕು. ಬರುತ್ತಿತ್ತು. ಸೊನ್ನೆ. ಅದನ್ನು ಕಣ್ಣಾರೆ ನೋಡಿಯೇ ಏಳುತ್ತಿದ್ದಳು, ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡ ಹಾಗೆ.

ವರ್ಷ ತುಂಬಿದ ದಿನ ಮಾತ್ರ ಒಂಬತ್ತೂವರೆಗೆ ಕುರ್ಚಿ ಹಿಂದೆ ತಳ್ಳಿದಳು. ಲೆಕ್ಕ ಓಡುತ್ತಲೇ ಇತ್ತು. ಬಿಟ್ಟು ಹೊರಟಳು.

ಬಾವಿಯ ಹತ್ತಿರ… ಟಪ್, ಸರ್ರ್.

“ಈಗ ಬಂದ್ಯಾ?” ಪಿಸುದನಿ.

ಅವಳು ತಿರುಗಲಿಲ್ಲ. “ಬಂದೆ ಕಣೋ.”

“ಹತ್ತು ನಿಮಿಷ ಅಂದಿದ್ದೆ.”

“…ತಡವಾಯ್ತು.”

“ನಿಧಾನ ನಡಿ ಅಕ್ಕಾ. ಚಪ್ಪಲಿ ಕಿತ್ತಿದೆ.”

ನಿಧಾನ ನಡೆದಳು. ಅವನ ಹೆಜ್ಜೆಗೆ ಸರಿಯಾಗಿ. ಮನೆಯ ಗೇಟು ಕಿರ್ರ್ ಎಂದಿತು. ಒಳಗೆ ಹೋಗಿ, ಅವನಿಗೆಂದು ಗೇಟು ಹಿಡಿದು ನಿಂತಳು… ತುಂಬ ಹೊತ್ತು. ಮತ್ತೆ ಸದ್ದಿಲ್ಲ.

ಬೆಳಿಗ್ಗೆ ಹೋಗಿ ನೋಡಿದರೆ, ಸಿಕ್ಕಿದ ಕಣ, ಒಂದು.

ಆಮೇಲೆ ನೂರು ಸಲ ಓಡಿಸಿದ್ದಾಳೆ. ಒಂಬತ್ತೂವರೆಗೆ ಎದ್ದು ಹೊರಟೂ ನೋಡಿದ್ದಾಳೆ. ಸೊನ್ನೆಯೇ. ಬಾವಿಯ ಹತ್ತಿರವೂ ಅವಳದೊಂದೇ ಚಪ್ಪಲಿ.

ಆ ಒಂದು ಬಂದ ರಾತ್ರಿಯ ಲೆಕ್ಕ ಅಚ್ಚಾದ ಹಾಳೆ ಅವಳ ಮೇಜಿನ ಗಾಜಿನ ಕೆಳಗಿದೆ. ನಾನೇ ಕನ್ನಡಕ ಹಾಕಿಕೊಂಡು ನೋಡಿದ್ದೇನೆ. ಆರಂಭದ ಸಂಖ್ಯೆ ಅದೇ. ಉತ್ತರ, ಒಂದು.