ಗಡಿಯಾಚೆಯ ಬೆಟ್ಟ

ಬಸ್ ನಿಲ್ದಾಣದ ಬೆಂಚಿನಲ್ಲಿ ನನ್ನ ಪಕ್ಕ ಅಕ್ಕ ತಂಗಿ ಕೂತಿದ್ದರು. ಅಕ್ಕ ಸರ್ವೆಯರ್. ಅಳತೆಯ ಯಂತ್ರದ ಪೆಟ್ಟಿಗೆ ಅವಳ ಮಡಿಲಲ್ಲಿತ್ತು.

“ಪಕ್ಕದ ರಾಜ್ಯದಲ್ಲಿ ಅಳತೆ ಮಾಡೋ ಲೈಸೆನ್ಸೂ ಸಿಕ್ತಲ್ಲಕ್ಕಾ. ಮನೆ ಅಲ್ಲಿಗೇ ಬದಲಾಯಿಸ್ತೀಯಾ?”

“ಯೋಚನೆ ಮಾಡ್ತಿದೀನಿ ಕಣೇ. ಇಷ್ಟು ವರ್ಷ ಇಲ್ಲಿ ಯಾವ ಜಮೀನು ಅಳೆದ್ರೂ ಗಡಿಯಾಚೆಯ ಆ ಬೆಟ್ಟದ ತುದಿಗೇ ಯಂತ್ರದ ಗುರಿ ಇಟ್ಟು ಅಳತೆ ಶುರುಮಾಡ್ತಿದ್ದೆ. ಹತ್ತಿರ ಹೋದವಳೇ ಅಲ್ಲ. ಲೈಸೆನ್ಸ್ ಸಿಕ್ಕಿದ್ದೇ ತಡ, ನಿನ್ನೆ ಹತ್ತಿಬಿಟ್ಟೆ.”

“ಹೇಗಿತ್ತು?”

“ನಾನು ಅಳೆದ ಜಮೀನೆಲ್ಲಾ ಸೇರಿ ಅಂಗೈಯಗಲ ಕಾಣ್ತಿತ್ತು.”

ತಂಗಿ ಪೆಟ್ಟಿಗೆಯ ಮೇಲೆ ಕೈಯಿಟ್ಟಳು.

“ಅಲ್ಲಿಗೆ ಹೋದ್ರೆ ಬೆಟ್ಟ ನಿನ್ನ ಕಾಲಡಿಗೇ ಇರುತ್ತೆ. ಗುರಿ ಯಾವುದಕ್ಕಿಡ್ತೀಯ?”

“ನಿನ್ನೆ ತುದಿಯಿಂದ ಈ ಕಡೆಗೆ ಯಂತ್ರದಲ್ಲಿ ನೋಡಿದೆ. ಎದ್ದು ಕಂಡಿದ್ದು ನಿಮ್ಮನೆ ತಾರಸಿ ಮೇಲಿನ ನೀರಿನ ಟ್ಯಾಂಕ್.”

ಬಸ್ ಬಂತು. ಪೆಟ್ಟಿಗೆಯನ್ನು ಇಬ್ಬರೂ ಸೇರಿ ಎತ್ತಿಕೊಂಡರು.

“ಅದು ಸೋರ್ತಿದೆ, ತೆಗೆಸ್ಬೇಕು ಅಂತಿದ್ರು ನಮ್ಮನೆಯವರು,” ಅಂದಳು ತಂಗಿ, ಮೆಟ್ಟಿಲು ಹತ್ತುತ್ತಾ. “ಬೇಡ ಅಂತ ಹೇಳ್ತೀನಿ.”