ಪಾಲಾದ ಮಾತ್ರೆ

ಕೊಳ್ಳೇಗಾಲದ ಚರ್ಮದ ಡಾಕ್ಟರ ಬಾಗಿಲ ಮುಂದೆ ಸರದಿಗೆ ಕಾದಿದ್ದ ಶಿವಕುಮಾರಸ್ವಾಮಿ ಮೇಷ್ಟರು ಪೇಪರು ಮಡಚಿಟ್ಟರು. ಅದಕ್ಕಿಂತ ತಾಜಾ ಸಮಾಚಾರ ಪಕ್ಕದ ಬೆಂಚಿನಲ್ಲಿತ್ತು. ಹೊನ್ನೂರಿನ ಚಿಕ್ಕಮಾದಪ್ಪ ಪಂಚೆಯ ಮೇಲಿಂದಲೇ ಸೊಂಟ ಕೆರೆಯುತ್ತಿದ್ದ. ಹೆಂಡತಿ ಪುಟ್ಟಬಸಮ್ಮ ಅವನ ಕೈ ತಟ್ಟಿ ಇಳಿಸುತ್ತಿದ್ದಳು.

“ಒಳಕ್ಕೋದ್ ಮೇಲೆ ನಿಜ ಏಳಿ.”

“ಏನ್ ನಿಜ? ತಿಂಗ್ಳು ಮಾತ್ರೆ ಕೊಟ್ರು, ತಿಂದೆ, ಉಳುಕಡ್ಡಿ ಓಗ್ನಿಲ್ಲ.”

“ತಿಂದಿದ್ದು ಅದ್ನೈದು ದಿನ. ಮಿಕ್ಕಿದ್ದು ನಿಮ್ ತಮ್ಮಂಗೆ.”

“ಒಟ್ಗಿರೋ ಮನೇಲಿ ನಾನೊಬ್ನೇ ತಿನ್ನಕಾಯ್ತದಾ? ಅವ್ನ್ಗೂ ಅದೇ ನವೆ.”

“ಅದು ಬೂಷ್ಟಿನ ಜಾತಿ, ಮಾತ್ರೆ ಅದ್ಕೆ ಮೈಮ್ಯಾಲೆ ಸಿಪ್ಪೆ ಕಟ್ಕಳಕ್ಕೆ ಬುಡಾಕಿಲ್ಲ, ಪೂರ್ತಿ ಸಾಯಕ್ಕೆ ತಿಂಗ್ಳು ಬೇಕು ಅಂದಿರ್ನಿಲ್ವಾ ಡಾಕ್ಟ್ರು? ನೀವಿಬ್ರೂ ಅರ್ಧರ್ಧ ಸಾಯ್ಸಿ ಬುಟ್ರಿ.”

“ನವೆ ನಿಂತಿತ್ತು ಕಣಮ್ಮಿ.”

“ಈಗ ಮೊಮ್ಮಗೀನ ಕೆನ್ನೇಗೂ ಬಂದದೆ. ಆ ಮಾತ್ರೆ ಕೆಲ್ಸಕ್ ಬರ್ನಿಲ್ಲ ಅಂದ್ಕಂಡು ಡಾಕ್ಟ್ರು ಕೂಸ್ಗೆ ಇನ್ನೇನಾದ್ರೂ ಕೊಟ್ಬುಟ್ರೆ?”

ಚಿಕ್ಕಮಾದಪ್ಪನ ಕೈ ಸೊಂಟದ ಮೇಲೇ ನಿಂತಿತು.

“ತಮ್ಮನ ವಿಸ್ಯ ಏಳುದ್ರೆ ಬಯ್ತಾರೆ.”

“ಬಯ್ಲಿ. ಅವ್ನ್ಗೂ ಮುಂದ್ಲ ಬಸ್ಸಲ್ಲಿ ಬಾ ಅಂದಿದ್ದೆ. ಅಕೋ, ಕಂಬಕ್ಕೆ ಬೆನ್ನುಜ್ತಾ ನಿಂತವ್ನೆ.”

ಒಳಗಿನಿಂದ ಹೆಸರು ಕೂಗಿದರು. ಚಿಕ್ಕಮಾದಪ್ಪ ಎದ್ದವನು ಮೊದಲು ಕಂಬದತ್ತ ತಿರುಗಿದ.

“ಬಾರ್ಲಾ. ಡಾಕ್ಟ್ರಿಗೆ ಎಲ್ಲಾ ಏಳ್ಬುಡವ. ಮಾತ್ರೇಲಿ ಇವತ್ತಿಂದ ನಾವು ಬ್ಯಾರೆ ಕಣ್ಲಾ.”

ಅಣ್ಣತಮ್ಮಂದಿರು ಒಟ್ಟಿಗೇ ಒಳಗೆ ಹೋದರು.